ಬಿದ್ದ ಕಾಸು

ಆ ಹೊಲ ಎಲ್ಲಿದೆ ಎಂದು ಹೇಳುವುದಿಲ್ಲ. ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಎಂದರೆ ಸಾಕು. ಮಲೆನಾಡಿನಲ್ಲಿ ಅಣಬೆ ಏಳುವ ಜಾಗ ಬಲ್ಲವರು ಹೆತ್ತ ಮಗನ ಮುಂದೆಯೂ ಬಾಯಿ ಬಿಡುವುದಿಲ್ಲವಲ್ಲ, ಇಲ್ಲಿ ಹಳೆಯ ನಾಣ್ಯ ಹುಡುಕುವವರೂ ಅದೇ ಜಾತಿ. "ಎಲ್ಲಿ ಸಿಕ್ಕಿತು?" ಎಂದರೆ "ಒಂದು ಹೊಲದಲ್ಲಿ" ಎನ್ನುತ್ತಾರೆ. ಇನ್ನೂ ಒತ್ತಾಯಿಸಿದರೆ "ಹೊಲದ ಮಣ್ಣಿನೊಳಗೆ" ಎನ್ನುತ್ತಾರೆ. ಆರು ವರ್ಷದಲ್ಲಿ ನನಗೂ ಆ ವಿದ್ಯೆ ಕೈವಶವಾಗಿದೆ.

ಹನ್ನೆರಡು ಎಕರೆ ಇದ್ದೀತು. ಕೆಳಗಡೆ ಒಂದು ತೊರೆ, ಪಕ್ಕಕ್ಕೆ ಮುಳ್ಳುಬೇಲಿ, ಏರಿನ ಮೇಲೆ ಈ ಸೀಮೆಗೇ ವಿಶೇಷವಾದ ದುಂಡು ಗೋಪುರದ ಚರ್ಚು. ಅದರ ಗೋಡೆಯೆಲ್ಲ ಚಕಮಕಿ ಕಲ್ಲು. ಹೊಲದಲ್ಲೂ ಅದೇ ಕಲ್ಲು. ಸನಿಕೆ ತಗುಲಿದಾಗಲೆಲ್ಲ ಮೊಣಕೈವರೆಗೆ ಝುಮ್ಮೆನ್ನುತ್ತದೆ. ಆಗಸ್ಟಿನಲ್ಲಿ ಗೋಧಿ ಕೊಯ್ದು ಕೂಳೆ ಮಾತ್ರ ಉಳಿದಾಗ ನಮಗೊಂದು ಸುಗ್ಗಿ. ಉತ್ತು ಹದ ಮಾಡಿ ಮತ್ತೆ ಬಿತ್ತುವವರೆಗಿನ ಕೆಲವು ವಾರ ಇನ್ನೊಂದು ಸುಗ್ಗಿ. ಉಳಿದ ತಿಂಗಳೆಲ್ಲ ಬೇಲಿಯಾಚೆಯಿಂದ ಪೈರು ನೋಡಿಕೊಂಡು ಬರುವುದಷ್ಟೇ. ಜಮೀನಿನವರ ಒಪ್ಪಿಗೆಯಿಲ್ಲದೆ ಇಲ್ಲಿ ಒಂದು ಗುಂಡಿಯನ್ನೂ ತೋಡುವಂತಿಲ್ಲ. ಒಪ್ಪಿಗೆ ಸಿಕ್ಕ ಹೊಲಕ್ಕೆ ಈ ಜನ 'ಪರ್ಮಿಷನ್' ಎಂದೇ ಹೆಸರಿಟ್ಟಿದ್ದಾರೆ. "ನನ್ನ ಪರ್ಮಿಷನ್ನಿಗೆ ಈ ಸಲ ಸಕ್ಕರೆ ಬೀಟು ಹಾಕಿಬಿಟ್ಟರು" ಎಂದು ಒಬ್ಬ ಇನ್ನೊಬ್ಬನ ಹತ್ತಿರ ದುಃಖ ತೋಡಿಕೊಳ್ಳುವುದನ್ನು ಮೊದಲ ಸಲ ಕೇಳಿದಾಗ ನನಗೆ ತಲೆಬುಡ ಗೊತ್ತಾಗಿರಲಿಲ್ಲ.

1840ರ ಆಸುಪಾಸಿನಲ್ಲಿ, ಚರ್ಚಿಗೆ ಸಲ್ಲಬೇಕಾದ ದಶಮಾಂಶದ ಲೆಕ್ಕಕ್ಕಾಗಿ, ಇಲ್ಲಿನ ಊರೂರಿನ ಹೊಲಗಳ ನಕಾಶೆ ಬರೆದಿದ್ದರು. ಒಂದೊಂದು ತುಂಡು ನೆಲಕ್ಕೂ ಒಂದೊಂದು ಹೆಸರು. ನಮ್ಮ ಹೊಲದ ಹೆಸರು ಓದಿದಾಗ ನನ್ನ ಎದೆ ಸಣ್ಣಗೆ ಹಾರಿತು. ಕನ್ನಡಕ್ಕೆ ತಂದರೆ ಅದು 'ಜಾತ್ರೆ ಮಾಳ'.

ಜಾತ್ರೆ ಮಾಳ ಎಂದರೆ ಏನೆಂದು ಹಾಸನದ ಕಡೆಯ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರ ತೇರಿನ ಮರುದಿನ, ಇನ್ನೂ ಬೆಳಕು ಹರಿಯುವ ಮುಂಚೆ, ನಾವು ನಾಲ್ಕೈದು ಹುಡುಗರು ತೇರುಬೀದಿಯಲ್ಲಿ ಹಾಜರ್. ತೇರಿಗೆ ಹಣ್ಣು-ಜವನ ಎಸೆಯುವಾಗ ಕೆಲವರು ಬಾಳೆಹಣ್ಣಿಗೆ ಕಾಸು ಚುಚ್ಚಿ ಎಸೆಯುತ್ತಿದ್ದರು. ತುಳಿದು ಪಚ್ಚಿಯಾದ ಹಣ್ಣು, ಬಾಡಿದ ಜವನದ ವಾಸನೆ, ಪಾದ ಮುಳುಗುವಷ್ಟು ಧೂಳು, ಆ ಧೂಳಲ್ಲಿ ಅಂಚೆಲ್ಲ ಅಲೆ ಅಲೆಯಾದ ಹತ್ತು ಪೈಸೆಯ ಅಲ್ಯೂಮಿನಿಯಂ ಬಿಲ್ಲೆ. ತೇರಿನ ಬುಡಕ್ಕಿಂತ ಬಳೆ ಅಂಗಡಿ, ಬೆಂಡು-ಬತ್ತಾಸಿನ ಅಂಗಡಿ ಇದ್ದ ಕಡೆಯೇ ಹೆಚ್ಚು ಸಿಗುತ್ತಿತ್ತು. ಕಾಸು ಬೀಳುವುದು ಚಿಲ್ಲರೆ ಎಣಿಸುವ ಕಡೆ. ಈ ಸೂತ್ರ ನನಗೆ ಎಂಟನೇ ವಯಸ್ಸಿಗೇ ಗೊತ್ತಿತ್ತು. ಈಗ ಏಳು ಸಮುದ್ರದಾಚೆಯ ಈ ಹೊಲದಲ್ಲಿ ನಿಂತಾಗಲೂ ಮೊದಲು ಬರುವ ಯೋಚನೆ ಅದೇ: ಅಂಗಡಿ ಎಲ್ಲಿ ಹೂಡುತ್ತಿದ್ದರು? ಚರ್ಚಿನಿಂದ ಇಳಿದು ಬಂದವರು ತೊರೆ ದಾಟುವಾಗ ಎಲ್ಲಿ ಬಗ್ಗಿ ಲಂಗ ಎತ್ತಿಕೊಳ್ಳುತ್ತಿದ್ದರು?

ಕಣ್ಣಿನ ಕೆಲಸ ಅಷ್ಟಕ್ಕೇ ಮುಗಿಯಿತು. ಮುಂದಿನದೆಲ್ಲ ಕಿವಿಯದು.

ಮೆಟಲ್ ಡಿಟೆಕ್ಟರ್ ಎಂದರೆ ಒಂದು ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟಗಲದ ತಂತಿಯ ಸುರುಳಿ, ಇನ್ನೊಂದು ತುದಿಯಲ್ಲಿ ಒಂದು ಪೆಟ್ಟಿಗೆ, ತಲೆಗೆ ಹೆಡ್‌ಫೋನು. ತಟ್ಟೆ ನೆಲದೊಳಗೆ ಒಂದೇ ಸಮನೆ ಕರೆ ಕಳಿಸುತ್ತಿರುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ವಿದ್ಯುತ್ತು ಸುಳಿಯೆದ್ದು ತಿರುಗಿ ಓಗೊಡುತ್ತದೆ. ಎಷ್ಟು ಗಟ್ಟಿಯಾಗಿ ಓಗೊಟ್ಟಿತು, ಎಷ್ಟು ತಡೆದು ಓಗೊಟ್ಟಿತು ಎಂಬುದರ ಮೇಲೆ ಅದು ಕಬ್ಬಿಣವೋ ಸೀಸವೋ ಬೆಳ್ಳಿಯೋ ಎಂದು ಯಂತ್ರ ಊಹಿಸುತ್ತದೆ. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇಂಥದೇ ಒಂದನ್ನು ಅವಸರದಲ್ಲಿ ಕಟ್ಟಿದ್ದ, ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯಲ್ಲಿ ಹೊಕ್ಕಿದ್ದ ಗುಂಡನ್ನು ಪತ್ತೆಮಾಡಲು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ನಡುವೆ ಬಾಯಿ ಹಾಕಿದವು ಎನ್ನುತ್ತಾರೆ. ಕಬ್ಬಿಣದ ಕಿರುಕುಳ ಅಂದಿನಿಂದಲೂ ಇದೆ.

ತಟ್ಟೆ ಆಡಿಸುವುದನ್ನು ನನಗೆ ಕಲಿಸಿದವರು ನಮ್ಮ ಬೀದಿಯ ಒಬ್ಬ ಹಿರಿಯರು, ನಿವೃತ್ತ ಬಸ್ ಚಾಲಕರು. "ತೂಗಬೇಡ, ತೂಗಬೇಡ" ಎಂದು ಮೊದಲ ದಿನವೆಲ್ಲ ಬೈದರು. ತೊಟ್ಟಿಲ ಹಾಗೆ ತೂಗಿದರೆ ಎರಡು ತುದಿಯಲ್ಲೂ ತಟ್ಟೆ ನೆಲ ಬಿಟ್ಟು ಏಳುತ್ತದೆ. ಏಳುವ ಆ ಎರಡು ಅಂಗುಲದಲ್ಲೇ ಕಾಸು ತಪ್ಪಿಹೋಗುತ್ತದೆ. ನನಗೆ ಸಾಲು ಹಿಡಿದದ್ದು ಅಜ್ಜಿಯ ನೆನಪಾದ ಮೇಲೆ. ಅಜ್ಜಿ ನಡುಮನೆ ಸಾರಿಸುವಾಗ ಅಂಗೈ ನೆಲ ಬಿಡುತ್ತಿರಲಿಲ್ಲ, ಒಂದು ಬೀಸಿನ ಅಂಚನ್ನು ಮುಂದಿನ ಬೀಸು ಅರ್ಧ ಮುಚ್ಚಿಕೊಂಡೇ ಬರುತ್ತಿತ್ತು, ಒಣ ನೆಲ ಒಂದು ಬೆರಳಗಲವೂ ನಡುವೆ ಉಳಿಯುತ್ತಿರಲಿಲ್ಲ. ಹಾಗೆ ಸಾರಿಸಿಕೊಂಡು ಹೋದರೆ ಒಂದು ಎಕರೆಗೆ ಅರ್ಧ ದಿನವೂ ಸಾಲದು. ಸಾಲದಿರುವುದೇ ಚೆನ್ನ.

ಕಿವಿಗೆ ಮೊದಲು ಸಿಗುವುದು ಕಬ್ಬಿಣ. ಗೊಗ್ಗರು ದನಿ, ನಿದ್ದೆಯಲ್ಲಿ ಮಗ್ಗುಲಾದ ಎಮ್ಮೆಯ ಹೂಂಕಾರ. ಲಾಳದ ಮೊಳೆ, ನೇಗಿಲ ಚೂರು, ಬೇಲಿಯ ತಂತಿ: ಸಾವಿರ ವರ್ಷದ ಒಕ್ಕಲುತನದ ಕೆಮ್ಮೆಲ್ಲ ಅದು. ಅಲ್ಯೂಮಿನಿಯಂ ಡಬ್ಬಿಯನ್ನು ಕೊಯ್ಲು ಯಂತ್ರ ಚೂರು ಮಾಡಿದ್ದರೆ ಕಿರುಚು ದನಿ, ಎಡದಿಂದ ಬಂದರೆ ಒಂದು, ಬಲದಿಂದ ಬಂದರೆ ಇನ್ನೊಂದು. ಸೀಸ ಮೆತ್ತಗೆ ಹೇಳುತ್ತದೆ, ಸುಳ್ಳು ಹೇಳುತ್ತದೆ. ಬೆಳ್ಳಿಯ ದನಿ ದುಂಡಗಿರುತ್ತದೆ. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಯಾವ ದಿಕ್ಕಿನಿಂದ ತಟ್ಟೆ ತಂದರೂ ಅದೇ ಜಾಗ, ಅದೇ ಶ್ರುತಿ, ಅದೇ ಅಳತೆ. ಪೆಟ್ಟಿಗೆಯ ಪರದೆಯಲ್ಲಿ ಅಂಕಿಯೂ ಮೂಡುತ್ತದೆ, ಆದರೆ ತೆಳು ಬೆಳ್ಳಿಯೊಂದಕ್ಕೆ ಬರುವ ಅಂಕಿಯೇ ಚಾಕೊಲೇಟಿನ ಕಾಗದಕ್ಕೂ ಬಂದೀತು. ಅಂಕಿ ನೋಡಿ ತೋಡುವವನು ಮೊದಲ ವರ್ಷದವನು. ಎರಡನೆಯ ವರ್ಷಕ್ಕೆ ಕಣ್ಣು ಮುಚ್ಚುತ್ತಾನೆ.

ದನಿ ಕೇಳಿದ್ದಕ್ಕೂ ವಸ್ತು ಕಂಡದ್ದಕ್ಕೂ ನಡುವೆ ಒಂದೆರಡು ನಿಮಿಷ ಸಿಗುತ್ತದಲ್ಲ, ಈ ಹವ್ಯಾಸದ ರಸವೆಲ್ಲ ಅಲ್ಲಿದೆ. ಮೂರು ಕಡೆ ಸನಿಕೆ ಊರಿ ಹೆಂಟೆಯನ್ನು ಪುಸ್ತಕದ ಹಾಳೆಯಂತೆ ಮಗುಚುತ್ತೇನೆ. ತಟ್ಟೆ ಆಡಿಸಿ ನೋಡುತ್ತೇನೆ: ದನಿ ಗುಂಡಿಯಲ್ಲಿದೆಯೋ, ಹೆಂಟೆಗೆ ಬಂದಿದೆಯೋ? ಹೆಂಟೆಗೆ ಬಂದಿದ್ದರೆ ಅದನ್ನು ಎರಡಾಗಿ ಮುರಿದು ಒಂದೊಂದನ್ನೇ ಕೇಳಿಸುತ್ತೇನೆ. ಒದ್ದೆ ಜೇಡಿಮಣ್ಣಿನ ವಾಸನೆ, ಮೇಲೆ ಎಲ್ಲೋ ಕಾಣದ ಬಾನಾಡಿಯ ಉಲಿ. ಆ ಹೊತ್ತಿಗೆ ಆ ಮಣ್ಣಿನಲ್ಲಿ ರಾಜ ಇರಬಹುದು, ಬೀರಿನ ಮುಚ್ಚಳವೂ ಇರಬಹುದು. ಇಬ್ಬರಿಗೂ ನಾನು ಒಂದೇ ಮರ್ಯಾದೆ ಕೊಡುತ್ತಿರುತ್ತೇನೆ.

ಎರಡು ವರ್ಷದ ಹಿಂದೆ ಅಕ್ಟೋಬರಿನ ಒಂದು ಬೆಳಿಗ್ಗೆ ಹಾಗೆ ಮುರಿದ ಹೆಂಟೆಯಲ್ಲಿ ಅರ್ಧಚಂದ್ರ ಇತ್ತು. ಅರ್ಧ ನಾಣ್ಯ. ಮುರಿದದ್ದಲ್ಲ, ಕತ್ತರಿಸಿದ್ದು. ಹೆಬ್ಬೆರಳ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲ, ತೂಕ ಮುಕ್ಕಾಲು ಗ್ರಾಂ ಕೂಡ ಇಲ್ಲ, ಬಾಳೆ ನಾರಿನಷ್ಟು ತೆಳು. ಎಂಟುನೂರು ವರ್ಷ ಮಣ್ಣಲ್ಲಿದ್ದ ಬೆಳ್ಳಿ ಕಪ್ಪಿಟ್ಟಿತ್ತು, ಆದರೆ ಮಂಕಾಗಿರಲಿಲ್ಲ.

ಅಂದಿನ ಇಂಗ್ಲೆಂಡಿನಲ್ಲಿ ಜನ ಬಳಸುತ್ತಿದ್ದ ನಾಣ್ಯ ಒಂದೇ: ಬೆಳ್ಳಿಯ ಪೆನ್ನಿ. ಕೂಲಿಯಾಳಿನ ಒಂದು ದಿನದ ದುಡಿಮೆಯ ಹತ್ತಿರಹತ್ತಿರ ಅದರ ಬೆಲೆ. ಒಂದು ರೊಟ್ಟಿಗೋ ಒಂದು ಕುಡಿಕೆ ಮದ್ಯಕ್ಕೋ ದಿನದ ಕೂಲಿ ಪೂರ್ತಿ ಕೊಡಲಾದೀತೇ? ಅಲ್ಲಿ ನೆರವಿಗೆ ಬಂದದ್ದು ಪೆನ್ನಿಯ ಹಿಂಬದಿಯಲ್ಲಿದ್ದ ಶಿಲುಬೆ. ಅದರ ಗೆರೆ ಹಿಡಿದು ಕತ್ತರಿಸಿದರೆ ಅರ್ಧ, ಮತ್ತೆ ಕತ್ತರಿಸಿದರೆ ಕಾಲು. ಇಂಗ್ಲಿಷಿನ ಫಾರ್ದಿಂಗ್ ಎಂದರೆ ನಾಲ್ಕನೆಯ ಒಂದು ಪಾಲು, ನಮ್ಮ ಪಾವಲಿಯ ಹಾಗೆ. ಶಾಸನಗಳಲ್ಲಿ ನಮ್ಮವರು ಗದ್ಯಾಣ, ಹಣ, ಹಾಗ, ವೀಸ ಎಂದು ಲೆಕ್ಕ ಇಟ್ಟರು. ಹಣದ ಕಾಲು ಭಾಗಕ್ಕೆ ಹಾಗ ಎಂದು ಬೇರೆ ಹೆಸರೇ ಇತ್ತು. ಇವರು ಹೆಸರಿನ ಗೋಜಿಗೆ ಹೋಗದೆ ಕತ್ತರಿ ತೆಗೆದುಕೊಂಡರು. 1279ರಿಂದ ಒಂದನೆಯ ಎಡ್ವರ್ಡ್ ದುಂಡನೆಯ ಅರ್ಧ, ಕಾಲು ನಾಣ್ಯಗಳನ್ನೇ ಅಚ್ಚು ಹಾಕಿಸಿದ ಮೇಲೆ ಆ ಕತ್ತರಿಗೆ ಕೆಲಸ ತಪ್ಪಿತು.

ನನ್ನ ಅರ್ಧದಲ್ಲಿ ರಾಜನ ಒಂದು ಕಣ್ಣು ಇದೆ. ಗುಂಡು ಗುಂಡಾದ ಗುಂಗುರು ಎರಡು. ಸುತ್ತ ಬರೆದ 'ಹೆನ್ರಿಕಸ್ ರೆಕ್ಸ್' ಎಂಬುದರಲ್ಲಿ 'ರಿಕಸ್' ಉಳಿದಿದೆ. ಹೆನ್ರಿ ಎಂದು ಬರೆದಿದೆಯೆಂದು ಅದು ಹೆನ್ರಿಯದೇ ಎಂದುಕೊಳ್ಳಬೇಡಿ. ಈ ಅಚ್ಚನ್ನು 1180ರಲ್ಲಿ ಎರಡನೆಯ ಹೆನ್ರಿ ಶುರು ಮಾಡಿದ. ಅವನು ಸತ್ತು ಮಗ ರಿಚರ್ಡ್ ಬಂದ, ರಿಚರ್ಡ್ ಹೋಗಿ ತಮ್ಮ ಜಾನ್ ಬಂದ, ನಾಣ್ಯದ ಮೇಲೆ ಮಾತ್ರ ಹೆನ್ರಿಯೇ ಕೂತಿದ್ದ. ಕೊನೆಗೆ ಮೂರನೆಯ ಹೆನ್ರಿ ಪಟ್ಟಕ್ಕೆ ಬಂದಾಗ ಹೆಸರು ತಾನಾಗಿಯೇ ಸರಿಹೋಯಿತು. ಹಿಂದಿನವನ ಅಚ್ಚನ್ನು ಜನ ನಂಬಿದ್ದಾರೆ, ಸುಮ್ಮನೆ ಏಕೆ ಕೆದಕಬೇಕು? ನಮ್ಮ ಹೈದರಾಲಿಗೂ ಇದೇ ಬುದ್ಧಿ ಇತ್ತು. ಬಿದನೂರು ಗೆದ್ದ ಮೇಲೆ ಇಕ್ಕೇರಿ ನಾಯಕರ ವರಹದ ಶಿವ-ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಒಂದಕ್ಷರ ಹಾಕಿಸಿ ಸುಮ್ಮನಾದ.

ನನ್ನ ಅರ್ಧ ಪೆನ್ನಿಯ ಹಿಂಬದಿಯಲ್ಲಿ ನನಗೆ ಇನ್ನೂ ಇಷ್ಟವಾದದ್ದಿದೆ. ಅಂದಿನ ಪೆನ್ನಿಯ ಮೇಲೆ ಟಂಕಸಾಲೆಯವನ ಹೆಸರೂ ಊರ ಹೆಸರೂ ಇರಲೇಬೇಕು, ಬೆಳ್ಳಿಯಲ್ಲಿ ಕಲಬೆರಕೆ ಬಂದರೆ ಯಾರನ್ನು ಹಿಡಿಯಬೇಕೆಂದು ಗೊತ್ತಾಗಲಿ ಎಂದು. ನನ್ನದರಲ್ಲಿ 'ಇಲ್ಗರ್' ಎಂದಿದೆ, ಆಮೇಲೆ ಕತ್ತರಿಯ ಗೆರೆ. ಇಲ್ಗರ್ ಲಂಡನ್ನಿನವನು, 'ಲಂಡನ್ನಿನಲ್ಲಿ' ಎಂಬುದು ಇನ್ನೊಂದು ಅರ್ಧದೊಂದಿಗೆ ಹೊರಟುಹೋಗಿದೆ. ಆ ಅರ್ಧ ಯಾರ ಕೈ ಸೇರಿತು? ಯಾವುದೋ ಬೇಕರಿಯವಳ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಕರಗಿ ಇನ್ನೊಂದು ಪೆನ್ನಿಯಾಗಿ, ಇನ್ನೂ ಮುಂದೆ ಕರಗಿ ಚಮಚವಾಗಿ ಯಾರ ಮನೆಯಲ್ಲೋ ಈಗಲೂ ಪಾಯಸ ಬಡಿಸುತ್ತಿದ್ದೀತು. ಇದು ಮಾತ್ರ ಬಿದ್ದುಹೋದದ್ದರಿಂದ ಉಳಿಯಿತು.

ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. "ಹುಣಸೇಹಣ್ಣು ಹಾಕಿ ಉಜ್ಜು, ಫಳಫಳ ಅನ್ನತ್ತೆ" ಎಂದರು. ಹಿತ್ತಾಳೆ ದೀಪಕ್ಕೆ ಸರಿ, ಇದಕ್ಕೆ ಬೆರಳಿನಿಂದಲೂ ಉಜ್ಜುವಂತಿಲ್ಲ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಹರಳು ಬೆಳ್ಳಿಯ ಮೇಲೆ ಗೀರೆಳೆದುಬಿಡುತ್ತದೆ. ತಾಮ್ರದ ನಾಣ್ಯದ ಮೇಲೆ ಕೂತ ನುಣುಪು ಹಸಿರನ್ನು ಕಿತ್ತರಂತೂ ಕೆಳಗೆ ರಾಜನೂ ಇರುವುದಿಲ್ಲ, ಅಕ್ಷರವೂ ಇರುವುದಿಲ್ಲ. ನೋಡುವುದಕ್ಕೆ ಏನಿತ್ತೋ ಅದೆಲ್ಲ ಆ ಹಸಿರಿನ ಮೇಲೆಯೇ ಇತ್ತು. ಗುಂಡಿಯಿಂದ ತೆಗೆದದ್ದನ್ನು ಪ್ಯಾಂಟಿಗೆ ಒರೆಸಿ ನೋಡಬೇಕೆಂಬ ಆಸೆಯನ್ನು ಅದುಮಿಡಲು ನನಗೆ ಒಂದು ವರ್ಷ ಹಿಡಿಯಿತು. ಈಗ ತುಸು ನೀರು ಚಿಮುಕಿಸಿ, ಹತ್ತಿ ಇಟ್ಟ ಡಬ್ಬಿಯಲ್ಲಿ ಮಲಗಿಸಿ, ರಾಜನ ಮುಖವನ್ನು ಸಂಜೆಗೆ ಬಾಕಿ ಇಟ್ಟುಕೊಳ್ಳುತ್ತೇನೆ.

ಅಮ್ಮನಿಗೆ ಇನ್ನೂ ಒಂದು ಚಿಂತೆ ಇತ್ತು. "ನಿಧಿ ಮುಟ್ಟಬೇಡ ಕಣೋ, ಮನೆಗೆ ಒಳ್ಳೇದಲ್ಲ."

"ನಿಧಿ ಅಲ್ಲಮ್ಮ. ಯಾರದೋ ಕೈಯಿಂದ ಬಿದ್ದ ಕಾಸು."

"ಬಿದ್ದ ಕಾಸಾ? ಹಾಗಾದ್ರೆ ದೇವರ ಹುಂಡಿಗೆ ಹಾಕು."

ಅಮ್ಮ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ ಈ ಭೇದವನ್ನು ಇಂಗ್ಲೆಂಡಿನ ಕಾನೂನು ಶತಮಾನಗಳ ಕಾಲ ಹೊತ್ತುಕೊಂಡು ತಿಣುಕಾಡಿತ್ತು. ಮತ್ತೆ ಬಂದು ತೆಗೆದುಕೊಳ್ಳುವ ಮನಸ್ಸಿನಿಂದ ಹೂತಿಟ್ಟ ಚಿನ್ನ-ಬೆಳ್ಳಿಯಾದರೆ ಅದು ನಿಧಿ, ದೊರೆಗೆ ಸಲ್ಲಬೇಕು. ಕೈಜಾರಿ ಬಿದ್ದದ್ದೋ, ಬೇಡವೆಂದು ಬಿಟ್ಟದ್ದೋ ಆದರೆ ನಿಧಿಯಲ್ಲ. ಸಾವಿರ ವರ್ಷದ ಹಿಂದೆ ಸತ್ತವನ ಮನಸ್ಸಿನಲ್ಲಿ ಏನಿತ್ತೆಂದು ತೀರ್ಮಾನಿಸಬೇಕಾದವನು ಕರೋನರ್, ಅಂದರೆ ಅಸಹಜ ಸಾವಿನ ವಿಚಾರಣೆ ನಡೆಸುವ ಅದೇ ಅಧಿಕಾರಿ. 1939ರಲ್ಲಿ ಇದೇ ಸಫೋಕಿನ ಸಟನ್ ಹೂನಲ್ಲಿ ದಿಬ್ಬದ ಕೆಳಗೆ ಹಡಗಿನ ಸಮಾಧಿಯೊಂದು ಸಿಕ್ಕಿತು, ಚಿನ್ನದ ಕೊಂಡಿಗಳು, ಚಿಕ್ಕ ಥೈಲಿಯಲ್ಲಿ 37 ಚಿನ್ನದ ನಾಣ್ಯ ಸಹಿತ. ಊರೆಲ್ಲ ಸೇರಿ, ದಿಬ್ಬ ಎಬ್ಬಿಸಿ, ಸತ್ತವನ ಜೊತೆ ಇಟ್ಟದ್ದು. ಯಾರೂ ಮರಳಿ ತೆಗೆಯುವ ಮನಸ್ಸಿನಿಂದ ಇಟ್ಟದ್ದಲ್ಲ. ಹಾಗಾಗಿ ನಿಧಿಯಲ್ಲ ಎಂದು ತೀರ್ಪಾಗಿ ಎಲ್ಲವೂ ಜಮೀನಿನ ಒಡತಿ ಎಡಿತ್ ಪ್ರಿಟಿಯವರಿಗೆ ಸೇರಿತು. ಆಕೆ ಅಷ್ಟನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟರು. 1996ರ ಹೊಸ ಕಾಯ್ದೆ ಈ ಮನಸ್ಸು ಓದುವ ಕೆಲಸ ಬಿಟ್ಟು ಎಣಿಕೆಗೆ ಇಳಿಯಿತು: 300 ವರ್ಷಕ್ಕಿಂತ ಹಳೆಯ ಬೆಳ್ಳಿ-ಬಂಗಾರದ ನಾಣ್ಯ ಒಂದೇ ಕಡೆ ಎರಡೋ ಹೆಚ್ಚೋ ಸಿಕ್ಕರೆ ಹದಿನಾಲ್ಕು ದಿನದೊಳಗೆ ತಿಳಿಸಬೇಕು. ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯಲ್ಲ. ನನ್ನ ಅರ್ಧ ಹೆನ್ರಿ ಹೀಗೆ ಬಚಾವಾದ.

ನನಗೂ ಬಚ್ಚಿಟ್ಟದ್ದಕ್ಕಿಂತ ಬಿದ್ದದ್ದೇ ಇಷ್ಟ. ಇದು ದ್ರಾಕ್ಷಿ ಹುಳಿ ಎಂದ ನರಿಯ ಮಾತಲ್ಲವೇ ಎಂದು ನೀವು ಕೇಳಬಹುದು; ಇದ್ದರೂ ಇರಬಹುದು. ಸಫೋಕಿನದೇ ಆದ ಹಾಕ್ಸನ್ ಎಂಬ ಊರಿನಲ್ಲಿ 1992ರ ನವೆಂಬರಿನಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡೆಂದು ಡಿಟೆಕ್ಟರ್ ಇದ್ದ ಗೆಳೆಯ ಎರಿಕ್ ಲಾಸ್‌ನನ್ನು ಕರೆದ. ಸುತ್ತಿಗೆಗೆ ಮೊದಲು ಸಿಕ್ಕಿದ್ದು ರೋಮನ್ನರ ಕಾಲದ ಸುಮಾರು ಹದಿನೈದು ಸಾವಿರ ನಾಣ್ಯ, ಚಿನ್ನದ ಒಡವೆ, ಬೆಳ್ಳಿಯ ಚಮಚಗಳು. ಲಾಸ್ ಸ್ವಲ್ಪ ತೋಡಿ ಕೈ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಹಾಗಾಗಿ ಯಾವ ಪೆಟ್ಟಿಗೆಯಲ್ಲಿ ಯಾವುದು ಹೇಗೆ ಜೋಡಿಸಿತ್ತೆಂಬುದೂ ಉಳಿಯಿತು. ಸುತ್ತಿಗೆಯೂ ಕೊನೆಗೆ ಸಿಕ್ಕು, ಅದೂ ಮ್ಯೂಸಿಯಂ ಸೇರಿತು. ಆ ರಾಶಿಯಲ್ಲಿ ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳಿವೆ. ಒಂದು ಗಂಭೀರ ಮುಖದ ಹೆಂಗಸಿನ ಆಕಾರದ್ದು, ತಳದಲ್ಲಿ ತಿರುಗಿಸುವ ಬಿಲ್ಲೆ: ಹೀಗೆ ತಿರುಗಿಸಿದರೆ ಮುಚ್ಚು, ಹಾಗೆ ತಿರುಗಿಸಿದರೆ ತುಂಬು, ಇನ್ನೂ ತಿರುಗಿಸಿದರೆ ಉದುರಿಸು. ಉದುರುತ್ತಿದ್ದ ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯದು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನನಗೆ ಸಾರಿನ ನೆನಪಾಗಿ ಬಾಯಲ್ಲಿ ನೀರೂರಿತು.

ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರೆ. ರೋಮನ್ನರ ಆಳ್ವಿಕೆ ಕುಸಿಯುತ್ತಿದ್ದ ದಿನಗಳಲ್ಲಿ, ಐದನೆಯ ಶತಮಾನದ ಮೊದಲ ವರ್ಷಗಳಲ್ಲಿ, ಒಂದು ಮನೆಯವರು ಅಷ್ಟನ್ನೂ ಬಟ್ಟೆ ಸುತ್ತಿ ಹುಲ್ಲು ಹಾಸಿ ಪೆಟ್ಟಿಗೆಗೆ ತುಂಬಿ ಹೂತರು, ಮರಳಿ ಬರಲಿಲ್ಲ. ಪ್ರತಿ ನಿಧಿಯ ಹಿಂದೆಯೂ ಹಾಗೆ ಬಾರದೆ ಹೋದ ಒಬ್ಬನಿದ್ದಾನೆ. ಸಾಮರ್ಸೆಟ್ಟಿನ ಫ್ರೋಮ್ ಬಳಿ 2010ರಲ್ಲಿ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು, 160 ಕಿಲೋ. ಅದು ಹೆದರಿ ಹೂತದ್ದಲ್ಲ, ದೇವರಿಗೆ ಒಪ್ಪಿಸಿದ್ದಿರಬೇಕು ಎನ್ನುವ ಪಂಡಿತರಿದ್ದಾರೆ. ಅಷ್ಟು ಭಾರದ ತೆಳು ಮಡಕೆಯನ್ನು ಮತ್ತೆ ಎತ್ತುವುದೆಂತು ಎಂಬುದು ಅವರ ವಾದ. ನನಗೆ ಆ ವಾದ ಹಿಡಿಸುತ್ತದೆ, ಬಹುಶಃ ಹಾಗಿದ್ದರೆ ಚೆನ್ನಾಗಿತ್ತು ಎಂಬ ಕಾರಣಕ್ಕೆ.

ಬಿದ್ದ ಕಾಸಿನ ಹಿಂದೆ ಯಾವ ಸಾವೂ ಇಲ್ಲ. ಮಧ್ಯಾಹ್ನ ಜಾತ್ರೆಯಲ್ಲಿ ಥೈಲಿಯ ದಾರ ಸಡಿಲವಾಯಿತು, ಅರ್ಧ ಪೆನ್ನಿ ಹುಲ್ಲಿಗೆ ಬಿತ್ತು. ಹುಡುಕಿದ್ದಾನೆ, ಮೊಣಕಾಲೂರಿ ಕೈಯಾಡಿಸಿದ್ದಾನೆ, ಬೈದುಕೊಂಡಿದ್ದಾನೆ, ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಂಡಿದ್ದಾನೆ. ನಮ್ಮ ಕಂಠೀರವ ಹಣ ಬೀಳಿಸಿಕೊಂಡವನ ಪಾಡಂತೂ ಕೇಳಲೇಬೇಡಿ: ಬೇಳೆಕಾಳಿನಷ್ಟು ಚಿನ್ನ, ಅದರಲ್ಲೇ ನರಸಿಂಹ ಕುಳಿತಿರಬೇಕು. ಅದನ್ನು ಕೈಯಲ್ಲಿ ಎಣಿಸಲಾಗದೆಂದೇ ತೆಂಕಣ ಸೀಮೆಯಲ್ಲಿ ಗುಳಿ ಕೊರೆದ ಹಲಗೆ ಇಟ್ಟುಕೊಂಡಿದ್ದರು. ಹಣ ಸುರಿದು ಅಲ್ಲಾಡಿಸಿದರೆ ಗುಳಿಗೊಂದರಂತೆ ಕೂರುತ್ತಿತ್ತು. ಇನ್ನು ಬಿದ್ದ ಕಾಸೆಂದರೆ ದುಡಿದ ಕಾಸು. ಹೂತಿಡುವವನು ತೂಕದ್ದನ್ನು, ಹೊಸದನ್ನು ಆರಿಸಿ ಇಡುತ್ತಾನೆ. ಜೇಬಿನಿಂದ ಬೀಳುವುದು ಸವಕಲು, ಬಾಗಿದ್ದು, ಕತ್ತರಿಸಿದ್ದು, ನೂರು ಕೈ ದಾಟಿದ್ದು.

ರೋಮನ್ ಕಾಸೂ ನನ್ನ ಹೊಲದಲ್ಲಿ ಬೀಳುತ್ತದೆ, ನಾಲ್ಕನೆಯ ಶತಮಾನದ ತಾಮ್ರದ ಚಿಲ್ಲರೆ. ಬಹಳಷ್ಟು ಮುಖ ಮೂತಿ ಇಲ್ಲದ ಬಿಲ್ಲೆಗಳು. 'ಗ್ರಾಟ್' ಎಂದು ಇಲ್ಲಿನವರ ತಾತ್ಸಾರದ ಹೆಸರು. ಒಂದರಲ್ಲಿ ಮಾತ್ರ ತೋಳವೊಂದು ಎರಡು ಕೂಸುಗಳಿಗೆ ಹಾಲೂಡಿಸುತ್ತಿರುವುದು ಕಂಡಿತು, ಕಾನ್‌ಸ್ಟಂಟೀನನ ಕಾಲದ್ದು. ಅದನ್ನು ಹಿಡಿದಾಗ ನನಗೆ ಯಶವಂತಪುರ ನೆನಪಾಯಿತು. ರೈಲು ಹಳಿಗಾಗಿ ನೆಲ ಅಗೆಯುವಾಗ 1891ರಲ್ಲಿ ಅಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಮಡಕೆ ಸಿಕ್ಕಿತ್ತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಅಗಸ್ಟಸ್, ಟೈಬೀರಿಯಸ್‌ರ ನಾಣ್ಯಗಳು ಸಿಕ್ಕಿವೆ. ರೋಮನ್ ಸೈನ್ಯ ಇಂಗ್ಲೆಂಡನ್ನು ಗೆಲ್ಲಲು ಕಡಲು ದಾಟಿದ್ದು ಕ್ರಿ.ಶ. 43ರಲ್ಲಿ. ಅಗಸ್ಟಸ್ ತೀರಿಕೊಂಡು ಆಗಲೇ ಸುಮಾರು ಮೂವತ್ತು ವರ್ಷ. ಅವನ ಬೆಳ್ಳಿಗೆ ಮೆಣಸಿನ ನಾಡಿನ ದಾರಿ ಆಗಲೇ ಗೊತ್ತಿತ್ತು, ಈ ಹೊಲದ ದಾರಿ ಇನ್ನೂ ಗೊತ್ತಿರಲಿಲ್ಲ.

ಯಶವಂತಪುರದಲ್ಲಿ ಈ ಯಂತ್ರ ಹಿಡಿದು ನಿಂತಿದ್ದರೆ ನನ್ನ ಕಥೆ ಬೇರೆಯಾಗುತ್ತಿತ್ತು. ಭಾರತದಲ್ಲಿ 1878ರ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ್ದು ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯದಾದರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕಾಯ್ದೆಗಿಂತ ದೊಡ್ಡ ಮಾತೆಂದರೆ ನಮ್ಮಲ್ಲಿ ಹಳೆಯ ಜಾಗದಲ್ಲಿ ಗುದ್ದಲಿ ಕಂಡರೆ ಬಾಯಿಗೆ ಬರುವುದು 'ನಿಧಿಗಳ್ಳರು' ಎಂಬ ಒಂದೇ ಮಾತು, ಮತ್ತು ಅದು ಸುಮ್ಮನೆ ಬಂದ ಮಾತಲ್ಲ. ಪಾಳುಗುಡಿಯ ಲಿಂಗ ಕಿತ್ತು, ನಂದಿಯ ಹೊಟ್ಟೆ ಒಡೆದು, ಪಾಣಿಪೀಠದಡಿ ಆಳುದ್ದ ಹಳ್ಳ ತೋಡಿದ್ದನ್ನು ನಮ್ಮ ಸೀಮೆಯಲ್ಲೇ ನೋಡಿದ್ದೇನೆ. ಅವರಿಗೆ ಬೇಕಾದದ್ದು ಬಚ್ಚಿಟ್ಟದ್ದು. ಬಿದ್ದ ಕಾಸಿಗಾಗಿ ಯಾರೂ ನಂದಿ ಒಡೆಯುವುದಿಲ್ಲ. ಹಾಗೆಂದು ಇಲ್ಲಿ ಎಲ್ಲರೂ ಸಾಚಾಗಳೆಂದಲ್ಲ. ರಾತ್ರಿ ಹೊತ್ತು ಕಳ್ಳತನದಲ್ಲಿ ಸಂರಕ್ಷಿತ ಜಾಗಗಳಿಗೆ ನುಗ್ಗುವವರು ಇಲ್ಲೂ ಇದ್ದಾರೆ, ಅವರಿಗೆ 'ನೈಟ್ ಹಾಕ್' ಎಂಬ ಹೆಸರೂ ಇದೆ.

ಹಗಲಿನವರು ಸಿಕ್ಕಿದ್ದನ್ನು ಆ ಪ್ರಾಂತ್ಯದ ದಾಖಲಾತಿ ಅಧಿಕಾರಿಯ ಹತ್ತಿರ ಒಯ್ಯುತ್ತಾರೆ. ಬ್ರಿಟಿಷ್ ಮ್ಯೂಸಿಯಂ ನೋಡಿಕೊಳ್ಳುವ ಈ ಏರ್ಪಾಡು 1997ರಲ್ಲಿ ಶುರುವಾಗಿ, 2003ರ ಹೊತ್ತಿಗೆ ಇಂಗ್ಲೆಂಡು, ವೇಲ್ಸ್ ಪೂರ್ತಿ ಹರಡಿತು; 15 ಲಕ್ಷಕ್ಕೂ ಮೀರಿದ ವಸ್ತುಗಳು ಅದರ ದಫ್ತರಿನಲ್ಲಿವೆ. ನಮ್ಮ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಅರ್ಧ ಪೆನ್ನಿಯನ್ನು ಬೆಳಕಿನಡಿ ಇಟ್ಟು, ತೂಗಿ, ಚಿತ್ರ ತೆಗೆದು, ಎಲ್ಲಿ ಸಿಕ್ಕಿತೆಂದು ಗೆರೆಗೆರೆಯಾಗಿ ಕೇಳಿ ಬರೆದುಕೊಂಡರು. ಜಾಗ ಹೇಳದ ನನ್ನ ವ್ರತ ಅವರ ಮುಂದೆ ನಡೆಯುವುದಿಲ್ಲ. ಹತ್ತು ಅಡಿಯ ಹೆಚ್ಚುಕಮ್ಮಿಯಲ್ಲಿ ಹೇಳಬೇಕು. ಅಂಥ ಹತ್ತು ಚುಕ್ಕಿ ಒಂದು ಮೂಲೆಯಲ್ಲಿ ಕೂಡಿದರೆ ಅಲ್ಲಿ ಅಂಗಡಿಸಾಲು ಇತ್ತು ಎನ್ನಬಹುದು, ಚುಕ್ಕಿ ಸಾಲಾಗಿ ಹೋದರೆ ಕಾಲುದಾರಿ ಇತ್ತು ಎನ್ನಬಹುದು. ರಂಗೋಲಿಗೆ ಚುಕ್ಕಿ ಇಟ್ಟಾಯಿತು, ಎಳೆ ಎಳೆಯುವವರು ಮುಂದೆ ಯಾರೋ ಬಂದಾರು.

ಪ್ರತಿ ಸಲವೂ ಹೆನ್ರಿ ಬರುವುದಿಲ್ಲ, ಹತ್ತು ಸಲಕ್ಕೆ ಒಮ್ಮೆಯೂ ಬರುವುದಿಲ್ಲ. ಗುಂಡಿ ಬರುತ್ತದೆ, ಅಂಗಿಯ ಗುಂಡಿ, ಲೆಕ್ಕವಿಲ್ಲದಷ್ಟು. ಊರವರ ತಿಪ್ಪೆಯನ್ನು ಗಾಡಿಯಲ್ಲಿ ತಂದು ಹೊಲಕ್ಕೆ ಹರಡುತ್ತಿದ್ದರಲ್ಲ, ಗುಡಿಸಿದ ಕಸದೊಂದಿಗೆ ಗುಂಡಿಯೂ ಹೊಲಿಗೆಯ ಅಂಗುಸ್ತಾನವೂ ಬಂದು ಸೇರಿದವು. ಸೀಸದ ಬಂದೂಕಿನ ಗುಂಡು, ಬೇಟೆಯ ತೋಟಾದ ಹಿತ್ತಾಳೆ ತಳ, ಟ್ರ್ಯಾಕ್ಟರಿನ ಬಾಯಿಗೆ ಸಿಕ್ಕಿದ ಆಟದ ಕಾರಿನ ಅರ್ಧ. ಇವೆಲ್ಲ ಹಳೆಯ ಐಸ್‌ಕ್ರೀಂ ಡಬ್ಬಿಯಲ್ಲಿ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಆ ಡಬ್ಬಿ ಬಗ್ಗಿಸಿ ರೈತನಿಗೆ ತೋರಿಸುವುದು ನಮ್ಮ ನಡುವಿನ ಕರಾರು.

ಎಪ್ಪತ್ತು ದಾಟಿದ ಆ ರೈತನಿಗೆ ಅರ್ಧ ಪೆನ್ನಿಯೆಂದರೆ ಅಷ್ಟಕ್ಕಷ್ಟೇ. ಅದನ್ನು ಅಂಗೈ ಮೇಲಿಟ್ಟುಕೊಂಡು "ಇದಕ್ಕೆ ಏನು ಬರುತ್ತದೆ?" ಎಂದರು. ಮಾರಿದರೆ ಒಂದು ಹೊತ್ತಿನ ಹೋಟೆಲ್ ಊಟಕ್ಕೆ ಸಾಕು, ಇಬ್ಬರಿಗೆ ಸಾಲದು ಎಂದೆ. "ಸರಿ, ನೀವೇ ಇಟ್ಟುಕೊಳ್ಳಿ" ಎಂದು ಚಹಾ ಸುರಿದರು. ಅವರು ಪ್ರತಿ ಸಲ ಕೇಳುತ್ತಿದ್ದದ್ದು ಬೇರೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಸಿಕ್ಕಿಸುವ ಒಂದು ಪಿನ್ನು, ಗೇಣುದ್ದದ ಉಕ್ಕು, ತಂದೆಯ ಕಾಲದಿಂದ ಇದ್ದದ್ದು. ಐದು ವರ್ಷದ ಹಿಂದೆ ಬೀಟು ಸಾಗಿಸುವಾಗ ಎಲ್ಲೋ ಕಳಚಿ ಬಿತ್ತಂತೆ. ಆಮೇಲೆ ಹೊಸದು ತಂದರು, ಆದರೆ ಹೊಸದು "ಕೂರುವುದಿಲ್ಲ".

ಅದು ಉಕ್ಕು. ನನ್ನ ಯಂತ್ರದಲ್ಲಿ ಕಬ್ಬಿಣದ ದನಿಯನ್ನು ನಾನು ಅಡಗಿಸಿಟ್ಟಿರುತ್ತೇನೆ, ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ಒಂದು ದಿನ, ಬೆಳಗಿನಿಂದ ಒಂದು ಗುಂಡಿಯೂ ಸಿಗದೆ ಬೇಜಾರಾಗಿ, ಆ ಬಾಗಿಲು ತೆರೆದೆ. ಹೊಲವೆಲ್ಲ ಎಮ್ಮೆಯ ಹಟ್ಟಿಯ ಹಾಗೆ ಗೊಗ್ಗರಿಸತೊಡಗಿತು. ಗೇಟಿನ ಹತ್ತಿರ, ಗಾಡಿ ತಿರುಗುವ ಕಡೆ, ಒಂದು ಹೂಂಕಾರ ಉಳಿದವಕ್ಕಿಂತ ಗಟ್ಟಿಯಾಗಿತ್ತು. ಎರಡು ಗೇಣು ಕೆಳಗೆ, ತುಕ್ಕು ಹಿಡಿದು ಕೆಂಪಾಗಿ, ತಲೆಯ ಉಂಗುರ ಹಾಗೆಯೇ ಇದ್ದ ಪಿನ್ನು.

ಆ ಸಂಜೆ ಡಬ್ಬಿ ತೆರೆಯಲಿಲ್ಲ. ಪಿನ್ನನ್ನು ಹಾಗೆಯೇ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹುಡುಕಿದರು, ಹಾಕಿಕೊಂಡರು, ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದರು. ಉಜ್ಜಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಪ್ಯಾಂಟಿಗೆ ಒರೆಸಿ, ಮೇಲಂಗಿಯ ಜೇಬಿಗೆ ಇಳಿಬಿಟ್ಟು, ಟ್ರ್ಯಾಕ್ಟರಿನ ಕಡೆ ಹೊರಟರು.

"ಜೇಬಿಗೆ ತೂತಿದೆಯೇನೋ ನೋಡಿಕೊಳ್ಳಿ" ಎಂದೆ.